ಲಿಸ್ಬನ್‌ಗೆ ಹೊರಟಿದ್ದೀರಾ? ಮೊದಲು ಮಿರ್ಜಾನ್ ನೋಡಿ ಬನ್ನಿ

ಹೊರಡುವ ಮುಂಚೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಮೊದಲ ಸಲ ಪೋರ್ಚುಗಲ್ ರಾಜಧಾನಿ ಲಿಸ್ಬನ್ ನೋಡಲು ಹೋಗುವವರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋಗಿ ಬರಬೇಕು. ಟಿಕೆಟ್, ಹೋಟೆಲ್, ಸ್ವೆಟರ್ ಎಲ್ಲ ಆಮೇಲೆ. ಅಘನಾಶಿನಿ ಪಕ್ಕದ ಆ ಚಿರೆಕಲ್ಲಿನ ಗೋಡೆಯ ಮೇಲೆ ನಿಂತು ಘಟ್ಟದ ಕಡೆ ನೋಡಿ. ಶಿರಸಿ, ಸಿದ್ದಾಪುರ ಸೀಮೆಯ ಕಾಳುಮೆಣಸು ಘಟ್ಟ ಇಳಿದು ಬಂದು ದೋಣಿ ಹತ್ತುತ್ತಿದ್ದದ್ದು ಇಂಥ ಹೊಳೆಬಾಯಿಗಳಲ್ಲೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಆ ಮೆಣಸು ಹೋಗಿ ಸೇರುತ್ತಿದ್ದ ಊರು ಲಿಸ್ಬನ್. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಅಲ್ಲಿ ಕಾಣುವುದೇ ಬೇರೆ. ಇಲ್ಲದಿದ್ದರೆ ಹಳದಿ ಟ್ರಾಮು, ಗೋಡೆಗೆ ಅಂಟಿಸಿದ ನೀಲಿ ಹೆಂಚು, ನಾಲ್ಕು ಫೋಟೊ, ಅಷ್ಟೇ ಅಲ್ವಾ?

ನಾವು ಹೋದದ್ದು ದಸರಾ ರಜೆಯಲ್ಲಿ. ಕಾರವಾರದಿಂದ ನಾನು ಮತ್ತು ನಮ್ಮ ಅಕ್ಕೋರು. ಅವರು ಇತಿಹಾಸ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಈಗಲೂ ಅಕ್ಕೋರೇ. ಶಿರಸಿ ಕಡೆಯಿಂದ ನನ್ನ ಅಕ್ಕ, ಭಾವ. ಭಾವನದು ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೊನೆಕೊಯ್ಲು ಜೋರಾಗುವ ಮುಂಚೆ ಅವರಿಗೆ ಬಿಡುವು ಸಿಗುವುದು ಆಗಲೇ. ಅಕ್ಟೋಬರ್ ಲಿಸ್ಬನ್‌ಗೂ ಒಳ್ಳೆಯ ತಿಂಗಳು. ಬೇಸಿಗೆಯ ಸುಡುಬಿಸಿಲೂ ಇಲ್ಲ, ಜನರ ನೂಕುನುಗ್ಗಲೂ ಸ್ವಲ್ಪ ಕಡಿಮೆ. ಮಧ್ಯೆ ಒಂದೆರಡು ಮಳೆ ಬರಬಹುದು.

ವೀಸಾ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಬೇಕು, ದೊಡ್ಡವರಿಗೆ 90 ಯೂರೊ ಶುಲ್ಕ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ. ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. ವಿಮಾನ ಎಲ್ಲೋ ಒಂದು ಕಡೆ ಬದಲಿಸಲೇಬೇಕು. ನಾವು ಬೆಂಗಳೂರಿನಿಂದ ದುಬೈಗೆ ಹೋಗಿ, ಅಲ್ಲಿಂದ ಲಿಸ್ಬನ್ ವಿಮಾನ ಹಿಡಿದೆವು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ತುಪ್ಪ, ಪೇಡಾ ಒಯ್ಯಬೇಡಿ. ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ತರುವಂತಿಲ್ಲ. ಅಕ್ಕ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಚಟ್ನಿಪುಡಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿ ಹಾಕಿದಳು. ಬಹಳ ಉಪಕಾರವಾಯಿತು.

ಶುಕ್ರವಾರ

ಲಿಸ್ಬನ್ ವಿಮಾನ ನಿಲ್ದಾಣ ಊರೊಳಗೇ ಇದೆ. ಹೊರಗೆ ಬಂದು ಟ್ಯಾಕ್ಸಿ ಹುಡುಕುವುದು ಬೇಡ. ಅಲ್ಲೇ ಕೆಳಗೆ ಮೆಟ್ರೊದ ಕೆಂಪು ಲೈನು. ಯಂತ್ರದಲ್ಲಿ ‘ನವೆಗಾಂಟೆ’ ಎಂಬ ಕಾರ್ಡು ಸಿಗುತ್ತದೆ, ಅರ್ಧ ಯೂರೊ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಅದಕ್ಕೆ 24 ತಾಸಿನ ಟಿಕೆಟ್ ತುಂಬಿಸಿದರೆ ಮೆಟ್ರೊ, ಟ್ರಾಮ್, ಸಿಟಿ ಬಸ್ ಎಲ್ಲಕ್ಕೂ ಆಗುತ್ತದೆ. ಸುಮಾರು ಏಳು ಯೂರೊ. ಅಲಮೇಡಾ ಸ್ಟೇಷನ್ನಿನಲ್ಲಿ ಹಸಿರು ಲೈನಿಗೆ ಬದಲಿಸಿದರೆ ನೇರ ಊರ ಮಧ್ಯಕ್ಕೆ.

ಉಳಿಯುವ ಜಾಗದ ವಿಷಯದಲ್ಲಿ ಎರಡು ಪ್ರಶ್ನೆ ಕೇಳಿಯೇ ದುಡ್ಡು ಕಟ್ಟಿ. ಮೆಟ್ರೊಗೆ ಎಷ್ಟು ದೂರ? ಕಟ್ಟಡದಲ್ಲಿ ಲಿಫ್ಟ್ ಇದೆಯಾ? ಏಳು ಗುಡ್ಡಗಳ ಊರು ಅಂತಾರೆ. ನಡೆದು ನೋಡಿದರೆ ಏಳಕ್ಕಿಂತ ಜಾಸ್ತಿ ಇದೆ ಅನ್ನಿಸುತ್ತದೆ. ಹಳೆ ಮನೆಗಳಲ್ಲಿ ಮರದ ಕಡಿದಾದ ಮೆಟ್ಟಿಲು. ಅಕ್ಕನಿಗೆ ಮಂಡಿನೋವು, ಹಾಗಾಗಿ ನಾವು ಹಸಿರು ಲೈನಿನ ಪಕ್ಕ, ಲಿಫ್ಟ್ ಇರುವ ಮನೆಯನ್ನೇ ಹಿಡಿದೆವು. ಅಡಿಗೆಮನೆ ಇದ್ದದ್ದು ಇನ್ನೂ ಒಳ್ಳೆಯದಾಯಿತು. ಬಾಡಿಗೆ ಜೊತೆ ಒಬ್ಬರಿಗೆ ಒಂದು ರಾತ್ರಿಗೆ 4 ಯೂರೊ ಪ್ರವಾಸಿ ತೆರಿಗೆ ಬೇರೆ ಕೊಡಬೇಕು. ಅದು ಮೋಸ ಅಲ್ಲ, ನಗರಪಾಲಿಕೆಯ ನಿಯಮ.

ಬಂದ ದಿನ ಏನೂ ದೊಡ್ಡದು ಇಟ್ಟುಕೊಳ್ಳಬಾರದು. ಅಕ್ಟೋಬರಿನಲ್ಲಿ ನಮಗಿಂತ ನಾಲ್ಕೂವರೆ ತಾಸು ಹಿಂದೆ ಅವರ ಗಡಿಯಾರ. ಸಂಜೆ ಆರಕ್ಕೆ ನಮ್ಮ ಕಣ್ಣು ಎಳೆಯುತ್ತದೆ. ಸುಮ್ನೆ ಹೊಳೆಯ ಕಡೆ ನಡೆದು ಹೋದೆವು. ತೇಜು ನದಿ ಅಲ್ಲಿ ಎಷ್ಟು ಅಗಲ ಅಂದರೆ ಅಕ್ಕೋರು ಮೊದಲು ಸಮುದ್ರ ಅಂದುಕೊಂಡರು. ಅದರ ದಂಡೆಗೆ ದೊಡ್ಡ ಚೌಕ, ಪ್ರಾಸಾ ದು ಕೊಮೆರ್ಸಿಯು. ಮೂರು ಕಡೆ ಹಳದಿ ಕಟ್ಟಡ, ಒಂದು ಕಡೆ ನೀರು. ರಾಜನ ಅರಮನೆ ಇದ್ದದ್ದು ಇಲ್ಲೇ. ಪೂರ್ವದೇಶಗಳ ವ್ಯಾಪಾರ ನೋಡಿಕೊಳ್ಳುತ್ತಿದ್ದ ‘ಇಂಡಿಯಾ ಹೌಸ್’ ಕಚೇರಿಯೂ ಇದರ ಮಗ್ಗುಲಲ್ಲೇ ಇತ್ತು. ಹಡಗಿನಿಂದಿಳಿದ ಮೆಣಸಿನ ಮೂಟೆ ಇಲ್ಲೇ ಲೆಕ್ಕಕ್ಕೆ ಸೇರುತ್ತಿತ್ತು.

ಈಗ ಅದೊಂದೂ ಇಲ್ಲ. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬದ ಬೆಳಿಗ್ಗೆ. ಜನ ಚರ್ಚುಗಳಲ್ಲಿ ತುಂಬಿದ್ದಾಗ ಭೂಕಂಪ ಆಯಿತು. ಓಡಿ ಹೊಳೆದಂಡೆಗೆ ಬಂದವರ ಮೇಲೆ ಸಮುದ್ರ ನುಗ್ಗಿತು. ಆಮೇಲೆ ದಿನಗಟ್ಟಲೆ ಬೆಂಕಿ. ಪೊಂಬಾಲ್ ಎಂಬ ಮಂತ್ರಿ ಊರನ್ನು ಹೊಸದಾಗಿ ಕಟ್ಟಿಸಿದ. ನೇರ ರಸ್ತೆಗಳು, ಒಂದೇ ಎತ್ತರದ ಮನೆಗಳು, ಗೋಡೆಯೊಳಗೆ ಭೂಕಂಪಕ್ಕೆ ಬಳುಕುವಂಥ ಮರದ ಚೌಕಟ್ಟು. ಅದರ ಮಾದರಿ ಮಾಡಿ ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ಪರೀಕ್ಷಿಸಿದರಂತೆ. ಚೌಕದ ಮಧ್ಯೆ ಕುದುರೆ ಮೇಲೆ ಕೂತ ರಾಜ ಜೊಸೆಯ ಪ್ರತಿಮೆ 1775ರದು. ಎಲ್ಲರೂ ಕುದುರೆ ನೋಡುತ್ತಾರೆ. ನೀವು ಪೀಠದ ಬದಿಗೆ ಹೋಗಿ, ಅಲ್ಲೊಂದು ಆನೆ ಇದೆ.

ಶನಿವಾರ

ಇಪ್ಪತ್ತೆಂಟನೇ ನಂಬರ್ ಟ್ರಾಮಿನ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಹಳೆಯ ಮರದ ಟ್ರಾಮು, ಗುಡ್ಡ ಹತ್ತಿ ಇಳಿದು ಓಣಿಗಳಲ್ಲಿ ಮನೆಯ ಗೋಡೆಗೆ ತಾಗಿಕೊಂಡೇ ಹೋಗುತ್ತದೆ. ಒಂದು ಸಲ ಕೂರಲೇಬೇಕು. ಬೆಳಿಗ್ಗೆ ಎಂಟರೊಳಗೆ ಹೋಗಿ ಅಥವಾ ಎಲ್ಲರೂ ಹತ್ತುವ ಮಾರ್ತಿಂ ಮೊನಿಸ್ ಬಿಟ್ಟು ಆ ಕಡೆಯ ಕೊನೆ, ಕಾಂಪು ದೆ ಓರಿಕ್‌ನಿಂದ ಹತ್ತಿ. ಹತ್ತು ಗಂಟೆಯ ಮೇಲೆ ಅದರಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಜೇಬುಗಳ್ಳರಿಗೂ ಅದೇ ಬೇಕು. ಪಾಸ್‌ಪೋರ್ಟ್ ಮನೆಯಲ್ಲೇ ಇಡಿ, ಅದರ ಜೆರಾಕ್ಸ್ ಒಂದು ಜೊತೆಯಲ್ಲಿರಲಿ. ಬ್ಯಾಗು ಎದುರಿಗೆ ಹಾಕಿಕೊಳ್ಳಿ. ಭಾವ ಪ್ಯಾಂಟಿನ ಹಿಂದಿನ ಜೇಬಿಗೆ ಏನನ್ನೂ ಹಾಕಲಿಲ್ಲ, ಜಾತ್ರೆಯ ಅಭ್ಯಾಸ.

ಪೋರ್ತಾಸ್ ದು ಸೋಲ್ ಹತ್ತಿರ ಇಳಿದು ಆಮೇಲೆ ಕೆಳಗೆ ನಡೆಯುವುದು ಒಳ್ಳೆಯದು. ಹತ್ತಲು ಟ್ರಾಮು, ಇಳಿಯಲು ಕಾಲು, ಇಷ್ಟನ್ನು ಪಾಲಿಸಿದರೆ ಲಿಸ್ಬನ್ ಯಾವ ವಯಸ್ಸಿನವರಿಗೂ ಕಷ್ಟವಲ್ಲ. ಅಲ್ಲಿಂದ ಕೆಳಗೆ ಆಲ್ಫಾಮಾ. ಭೂಕಂಪದಲ್ಲಿ ಹೆಚ್ಚುಕಡಿಮೆ ಉಳಿದುಕೊಂಡ ಹಳೆ ಕೇರಿ. ಮೇಲೆ ಸಾವೊ ಜಾರ್ಜ್ ಕೋಟೆ, 1147ರಲ್ಲಿ ಮೊದಲ ರಾಜ ಅಫೊನ್ಸೊ ಮುಸ್ಲಿಂ ಅರಸರಿಂದ ಗೆದ್ದದ್ದು. ಕೋಟೆಯೊಳಗೆ ಹೋಗುವುದಕ್ಕಿಂತ ಓಣಿಗಳಲ್ಲಿ ದಾರಿ ತಪ್ಪಿ ಅಲೆಯುವುದು ನನಗೆ ಜಾಸ್ತಿ ಇಷ್ಟವಾಯಿತು. ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ, ಬಾಗಿಲಲ್ಲಿ ಕೂತ ಅಜ್ಜಿಯರು, ಸುಟ್ಟ ಮೀನಿನ ವಾಸನೆ. ಬೆಳಿಗ್ಗೆ ಹೋಗಿ, ಜನರ ಮನೆಬಾಗಿಲು ಅದು, ಮೆಲ್ಲ ಮಾತಾಡಿ.

ಕಾಲಿನ ಬಗ್ಗೆ ಎಚ್ಚರ. ಇಡೀ ಊರಿನ ಪಾದಚಾರಿ ದಾರಿಗೆ ಬಿಳಿ, ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡು ಹಾಸಿದ್ದಾರೆ. ನೋಡಲು ಬಹಳ ಚಂದ. ನೂರಾರು ವರ್ಷ ತುಳಿದು ನಯವಾಗಿದೆ. ಒಂದು ಹನಿ ಮಳೆ ಬಿದ್ದರೆ ಜಾರುತ್ತದೆ. ಹೊಸ ಬೂಟು ಬೇಡ, ರಬ್ಬರಿನ ಹಿಡಿತ ಇರುವ ಹಳೆಯದೇ ಸಾಕು.

ಮಂಗಳವಾರ ಮತ್ತು ಶನಿವಾರ ಸಾಂತಾ ಕ್ಲಾರಾ ಬಯಲಿನಲ್ಲಿ ‘ಫೇರಾ ದಾ ಲಾದ್ರಾ’ ಸಂತೆ. ಹಳೆ ಪಾತ್ರೆ, ಹಿತ್ತಾಳೆ, ಪುಸ್ತಕ, ನಾಣ್ಯ. ಅಕ್ಕ ಎಲ್ಲ ಹಿತ್ತಾಳೆ ತಂಬಿಗೆಯನ್ನೂ ಬೆರಳಿನಿಂದ ಬಡಿದು ನೋಡಿದಳು. ಹಳೆ ಗೋಡೆ ಹೆಂಚುಗಳನ್ನು ಮಾತ್ರ ಕೊಳ್ಳಬೇಡಿ. ಪಾಳು ಮನೆಗಳ ಗೋಡೆಯಿಂದ ಕಿತ್ತು ಕದ್ದು ಮಾರುವ ದಂಧೆ ಅಲ್ಲಿ ದೊಡ್ಡ ತಲೆನೋವು. ಹೊಸದಾಗಿ ಮಾಡಿದ ಒಳ್ಳೆ ಹೆಂಚು ಅಂಗಡಿಗಳಲ್ಲಿ ಸಿಗುತ್ತದೆ.

ರಾತ್ರಿ ಫಾದೊ ಕೇಳಲು ಹೋದೆವು. 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಾಡಿನ ಪದ್ಧತಿ. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಪಕ್ಕಕ್ಕೊಂದು ಮಾಮೂಲಿ ಗಿಟಾರು, ಕಣ್ಣು ಮುಚ್ಚಿ ಹಾಡುವ ಹೆಂಗಸು. ಹಾಡುವಾಗ ದೀಪ ತಗ್ಗಿಸುತ್ತಾರೆ, ಚಮಚದ ಸದ್ದೂ ಮಾಡುವಂತಿಲ್ಲ. ನಮ್ಮಲ್ಲಿ ತಾಳಮದ್ದಳೆಗೆ ಕೂತವರು ಹೇಗೆ ಕೇಳುತ್ತಾರೋ ಹಾಗೆ ಕೇಳುವ ಜನ. ಕನಿಷ್ಠ ಇಷ್ಟು ಖರ್ಚು ಮಾಡಬೇಕು ಅಂತ ಇರುತ್ತದೆ, ಕೂರುವ ಮೊದಲೇ ಕೇಳಿಕೊಳ್ಳಿ. ಮೇಜಿನ ಮೇಲೆ ಕೇಳದೇ ತಂದಿಡುವ ಬ್ರೆಡ್ಡು, ಆಲಿವ್, ಚೀಸಿಗೂ ದುಡ್ಡು. ಮುಟ್ಟದಿದ್ದರೆ ಕೊಡಬೇಕಾಗಿಲ್ಲ. ಬೇಡ ಅಂದರೆ ಅವರೇನೂ ಬೇಸರ ಮಾಡುವುದಿಲ್ಲ.

ಭಾನುವಾರ

ರೊಸ್ಸಿಯು ಚೌಕದಲ್ಲಿ ನೆಲಕ್ಕೆ ಕಪ್ಪು ಬಿಳಿ ಅಲೆ ಅಲೆ ಹಾಸು. ಎಲ್ಲರೂ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಕ್ಕೋರು ಅದನ್ನು ನೋಡದೆ ನೇರ ಉತ್ತರದ ಬದಿಯ ದೊಡ್ಡ ನಾಟಕಶಾಲೆಯ ಮುಂದೆ ಹೋಗಿ ನಿಂತರು. 1846ರಲ್ಲಿ ಶುರುವಾದ ಮರಿಯಾ ರಾಣಿಯ ಹೆಸರಿನ ಥಿಯೇಟರು ಅದು. ಅದಕ್ಕೂ ಮೊದಲು ಆ ಜಾಗದಲ್ಲಿ, ಕ್ರೈಸ್ತ ಮತಕ್ಕೆ ವಿರುದ್ಧ ನಡೆದರು ಎಂದು ಜನರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್ನಿನ ಅರಮನೆ ಇತ್ತು.

ಇಲ್ಲಿ ಸ್ವಲ್ಪ ನಿಧಾನ ಮಾಡಿ ಹೇಳುತ್ತೇನೆ, ಯಾಕೆಂದರೆ ಕಾರವಾರದ ಎಷ್ಟೋ ಮನೆಗಳ ಕಥೆ ಇಲ್ಲಿಂದ ಶುರುವಾಗುತ್ತದೆ. ಪೋರ್ಚುಗಲ್‌ನಲ್ಲಿ ಇನ್‌ಕ್ವಿಸಿಷನ್ 1536ರಲ್ಲಿ ಆರಂಭವಾಯಿತು. 1560ರಲ್ಲಿ ಗೋವೆಗೂ ಬಂತು. ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೆ ನಡೆಯಿತು. ಆ ಕಾಲದಲ್ಲಿ ಗೋವೆಯ ಹಳ್ಳಿಗಳಲ್ಲಿ ದೇವಸ್ಥಾನ ಕೆಡವಿದರು. ಜನ ದೇವರನ್ನು ಹೊತ್ತು ಹೊಳೆ ದಾಟಿದರು. ಮಂಗೇಶ ದೇವರು 1560ರಲ್ಲಿ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದದ್ದು ಹಾಗೆ. ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಇಳಿದು ಕಾಳಿ ದಾಟಿ ಕಾರವಾರ, ಅಂಕೋಲಾ, ಕುಮಟಾ ಕಡೆ ನೆಲೆಸಿದವು. ಅಕ್ಕೋರ ಮನೆಯವರು ಈಗಲೂ ಕುಲದೇವರಿಗೆ ಕಾಯಿ ಒಡೆಸಲು ಗೋವೆಗೇ ಹೋಗುತ್ತಾರೆ.

‘ಮಕ್ಕಳಿಗೆ ಇಸವಿ ಬರೆಸುತ್ತಿದ್ದೆ. ಅದೆಲ್ಲ ನಡೆಸಿದವರ ಜಾಗ ಇದು ಅಂತ ನಿಂತು ನೋಡಿದ್ದು ಇವತ್ತೇ’ ಅಂದರು ಅಕ್ಕೋರು. ನಾವು ಯಾರೂ ಏನೂ ಹೇಳಲಿಲ್ಲ.

ಅಲ್ಲಿಂದ ಎರಡು ಹೆಜ್ಜೆಗೆ ಸಾವೊ ದೊಮಿಂಗೊಸ್ ಚರ್ಚ್. 1506ರ ಏಪ್ರಿಲ್‌ನಲ್ಲಿ ಈ ಚರ್ಚಿನಲ್ಲಿ ಶುರುವಾದ ಗಲಭೆ ಊರಿಗೆಲ್ಲ ಹಬ್ಬಿ ಯಹೂದಿ ಮೂಲದವರನ್ನು ದಿನಗಟ್ಟಲೆ ಕೊಂದರು. ಹೊರಗಿನ ಚೌಕದಲ್ಲಿ ಅದರ ಸ್ಮಾರಕ ಇದೆ. ಚರ್ಚಿಗೆ 1959ರಲ್ಲಿ ಬೆಂಕಿ ಬಿತ್ತು. ಸುಟ್ಟು ಸೀಳಿದ ಕಂಬಗಳನ್ನು ಹಾಗೆಯೇ ಬಿಟ್ಟು ಮೇಲೆ ಮಾಡು ಮಾತ್ರ ಹಾಕಿದ್ದಾರೆ. ತಮ್ಮ ಊರಿನ ಕೆಟ್ಟ ದಿನವನ್ನೂ ಮುಚ್ಚಿಡದೆ ಉಳಿಸಿದ್ದಾರೆ, ಅದು ನನಗೆ ಹಿಡಿಸಿತು. ಪ್ರವೇಶಕ್ಕೆ ದುಡ್ಡಿಲ್ಲ. ಗೈಡುಗಳು ಇಲ್ಲಿ ಐದು ನಿಮಿಷ ಕೊಡುತ್ತಾರೆ, ನೀವು ಅರ್ಧ ತಾಸು ಕೂರಿ.

ಊಟದ ಸುದ್ದಿ ಈಗ. ಅಕ್ಕ, ಭಾವ, ನಾನು ಮೀನು ಮಾಂಸ ತಿನ್ನುವುದಿಲ್ಲ. ಮೊಟ್ಟೆಯೂ ಇಲ್ಲ. ಆ ಊರಿನ ಸಿಹಿತಿಂಡಿ ಮುಕ್ಕಾಲು ಪಾಲು ಮೊಟ್ಟೆಯ ಹಳದಿಯಿಂದಲೇ ಮಾಡುವುದು. ಹೆಸರಾದ ನಾತಾ ಕೂಡ. ಕೇಳದೆ ತಿನ್ನಬೇಡಿ. ಕಾಲ್ದು ವೆರ್ದೆ ಎಂಬ ಸೊಪ್ಪು, ಬಟಾಟೆಯ ಸಾರು ಚೆನ್ನಾಗಿರುತ್ತದೆ, ಆದರೆ ಸಾಮಾನ್ಯವಾಗಿ ಮಾಂಸದ ಒಂದು ಚೂರು ಹಾಕಿ ಕೊಡುತ್ತಾರೆ. ‘ಸೆಂ ಕಾರ್ನೆ, ಸೆಂ ಪೇಶೆ’ ಎಂದರೆ ಮಾಂಸ ಬೇಡ, ಮೀನು ಬೇಡ. ಈ ನಾಲ್ಕು ಶಬ್ದ ಬಾಯಿಪಾಠ ಮಾಡಿಕೊಳ್ಳಿ. ಮಾರ್ತಿಂ ಮೊನಿಸ್ ಸುತ್ತಲಿನ ಬೀದಿಗಳಲ್ಲಿ ಬಾಂಗ್ಲಾದೇಶ, ನೇಪಾಳ, ಭಾರತದವರ ಅಂಗಡಿಗಳಿವೆ. ಅಕ್ಕಿ, ತೊಗರಿಬೇಳೆ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತದೆ. ರಾತ್ರಿ ಅಕ್ಕ ಅನ್ನ, ಸಾರು ಮಾಡಿದಳು. ನಲ್ಲಿ ನೀರೇ ಕುಡಿಯಬಹುದು, ಬಾಟಲಿ ಕೊಳ್ಳುವ ಖರ್ಚು ಬೇಡ.

ಸಂಜೆ ಊರಿನ ಉತ್ತರಕ್ಕೆ ರಾಧಾಕೃಷ್ಣ ದೇವಸ್ಥಾನಕ್ಕೆ ಹೋದೆವು. ಅದು ಇರುವ ರಸ್ತೆಯ ಹೆಸರೇ ಮಹಾತ್ಮ ಗಾಂಧಿಯದು. ಮೊಜಾಂಬಿಕ್ ಸ್ವತಂತ್ರವಾದ ಮೇಲೆ ಅಲ್ಲಿಂದ ಬಂದ ಗುಜರಾತಿಗಳು ಕಟ್ಟಿಕೊಂಡ ದೇವಸ್ಥಾನ. ಅಕ್ಕನಿಗೆ ಮಂಗಳಾರತಿ ಸಿಕ್ಕಿದ ಮೇಲೆ ಊರು ತನ್ನದೇ ಅನ್ನಿಸಿತು.

ಸೋಮವಾರ

ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ. ಊರಿನ ಪಶ್ಚಿಮಕ್ಕೆ ಹೊಳೆದಂಡೆಯಲ್ಲಿರುವ ಬೆಲೆಂ ಕಡೆಯೂ ಬಾಗಿಲು ಹಾಕಿರುತ್ತದೆ. ಅದಕ್ಕೇ ಹತ್ತಿರದ ಗುಡ್ಡದೂರು ಸಿಂತ್ರಾಕ್ಕೆ ಹೋಗುವವರು ಆ ದಿನ ಹೋಗಬಹುದು. ರೊಸ್ಸಿಯು ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಕಾಡು, ಮಂಜು, ಗುಡ್ಡದ ತುದಿಗೆ ಕೆಂಪು ಹಳದಿ ಬಣ್ಣದ ಪೆನಾ ಅರಮನೆ. ಟಿಕೆಟ್ ಸಮಯಕ್ಕೆ ಕಟ್ಟಿರುತ್ತದೆ, ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ದೇವಿಮನೆ ಘಟ್ಟದ ಮಂಜು ನೋಡಿ ಬೆಳೆದವರಿಗೆ ಕಾಡು ಹೊಸದಲ್ಲ. ಲಿಸ್ಬನ್‌ನಲ್ಲಿ ದಿನ ಕಡಿಮೆ ಇದ್ದರೆ ನಾನಾದರೆ ಸಿಂತ್ರಾ ಬಿಟ್ಟುಬಿಡುತ್ತೇನೆ.

ಮಂಗಳವಾರ

ಬೆಲೆಂಗೆ ಒಂದು ಪೂರ್ತಿ ದಿನ ಕೊಡಿ. ಅರ್ಧ ದಿನದಲ್ಲಿ ಮುಗಿಸುವವರು ಬರೀ ಸಾಲಿನಲ್ಲಿ ನಿಂತು ಬರುತ್ತಾರೆ. ಹದಿನೈದನೇ ನಂಬರ್ ಟ್ರಾಮು ಹೋಗುತ್ತದೆ. ಕಾಯಿಸ್ ದು ಸೊದ್ರೆಯಿಂದ ರೈಲು ಇನ್ನೂ ಬೇಗ, ಜನವೂ ಕಡಿಮೆ.

1497ರ ಜುಲೈ 8ರಂದು ವಾಸ್ಕೊ ಡ ಗಾಮಾ ಹೊರಟದ್ದು ಈ ದಂಡೆಯಿಂದ. ಮುಂದಿನ ಮೇ ತಿಂಗಳಲ್ಲಿ ಕಲ್ಲಿಕೋಟೆ ಹತ್ತಿರ ಮುಟ್ಟಿದ. ವಾಪಸು ಹೋಗುವಾಗ ಹಡಗು ರಿಪೇರಿಗೆ, ಕುಡಿಯುವ ನೀರಿಗೆ ನಿಂತದ್ದು ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ. 1502ರಲ್ಲಿ ಮತ್ತೆ ಬಂದಾಗ ಭಟ್ಕಳವನ್ನು ಬೆದರಿಸಿ ವರ್ಷ ವರ್ಷ ಅಕ್ಕಿ ಕಪ್ಪ ಕೊಡುವಂತೆ ಮಾಡಿದ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡಾ ಬಂದು ಅಂಜದೀವ್‌ನಲ್ಲಿ ಕೋಟೆ ಕಟ್ಟಿಸಿದ, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. ಮುಂದೆ 1510ರಲ್ಲಿ ಗೋವೆ ಹಿಡಿಯಲು ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕನಿಗೆ ದಾರಿ ತೋರಿಸಿದವನೂ ಹೊನ್ನಾವರದ ತಿಮ್ಮಯ್ಯನೇ. ಈ ಕಥೆಯಲ್ಲಿ ನಮ್ಮ ದಂಡೆಯವರು ಬರೀ ಪೆಟ್ಟು ತಿಂದವರಷ್ಟೇ ಅಲ್ಲ. ಅಕ್ಕೋರು ಇದನ್ನೆಲ್ಲ ರೈಲಿನಲ್ಲೇ ಹೇಳಿ ಮುಗಿಸಿದ್ದರು.

ಜೆರೊನಿಮುಸ್ ಮಠ ಕಟ್ಟಲು ಶುರು ಮಾಡಿದ್ದು 1501ರಲ್ಲಿ, ಮುಗಿಯಲು ಸುಮಾರು ನೂರು ವರ್ಷ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ಹಾಕಿದ ತೆರಿಗೆಯಿಂದ ಇದರ ಖರ್ಚು. ಚರ್ಚಿನೊಳಗೆ ಹೋಗಲು ದುಡ್ಡಿಲ್ಲ. ಪಕ್ಕದ ಎರಡಂತಸ್ತಿನ ಒಳಾಂಗಣಕ್ಕೆ ಟಿಕೆಟ್ ಬೇಕು. ಎರಡೂ ಸಾಲು ಬೇರೆ ಬೇರೆ, ನೋಡಿ ನಿಲ್ಲಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿರಿ.

ಒಳಗೆ ಕಾಲಿಟ್ಟು ತಲೆಯೆತ್ತಿದರೆ, ತೆಳ್ಳಗಿನ ಕಲ್ಲಿನ ಕಂಬಗಳು ಸೀದಾ ಮೇಲೆ ಹೋಗಿ ಅಡಿಕೆ ಮರದ ಹೆಡೆಯ ಹಾಗೆ ಬಿಚ್ಚಿಕೊಂಡು ಮಾಡು ಹೊತ್ತಿವೆ. ಕಂಬದ ಮೇಲೆಲ್ಲ ಬಳ್ಳಿ, ಹೂವಿನ ಕೆತ್ತನೆ. ಬಾಗಿಲು, ಕಿಟಕಿಗಳಲ್ಲಿ ಹಡಗಿನ ಹಗ್ಗ ಕಲ್ಲಾಗಿದೆ. ಭಾವ ಒಂದು ಕಂಬದ ಸುತ್ತ ಪೂರ್ತಿ ಒಂದು ಸುತ್ತು ಬಂದರು.

‘ಎಂತದೇ ತಂಗಿ ಇದು, ಇಷ್ಟೆಲ್ಲ ಕಟ್ಟಿದ್ದು ನಮ್ಮ ಕಡೆ ವ್ಯಾಪಾರದ ದುಡ್ಡಲ್ಲಾ?’

‘ನಮ್ಮ ಕಡೆಯದೂ ಇದೆ ಭಾವ. ಮಲಬಾರಿನದೂ ಇದೆ, ಆಫ್ರಿಕಾದ ಚಿನ್ನವೂ ಇದೆ’ ಅಂದೆ.

‘ಹಾಗಾದ್ರೆ ನಮ್ಮ ಅಜ್ಜನ ಅಜ್ಜಂದಿರು ಕೊಯ್ದ ಕಾಳಿನ ಲೆಕ್ಕ ಎಲ್ಲೂ ಬರೆದಿಲ್ವಾ?’

ಅದಕ್ಕೆ ಅಕ್ಕೋರು ಉತ್ತರ ಕೊಟ್ಟರು. ‘ಮೂಟೆ ಲೆಕ್ಕ ಬರೆದಿರ್ತಾರೆ. ಕೊಯ್ದವರ ಹೆಸರು ಯಾರೂ ಬರೆಯೋದಿಲ್ಲ ನೋಡಿ.’

ಬಾಗಿಲ ಹತ್ತಿರವೇ ವಾಸ್ಕೊ ಡ ಗಾಮಾನ ಸಮಾಧಿ. ಅವನು ಸತ್ತದ್ದು ಕೊಚ್ಚಿಯಲ್ಲಿ, 1524ರ ಡಿಸೆಂಬರ್ 24ರಂದು. ಮೂಳೆಗಳನ್ನು 1539ರಲ್ಲಿ ಪೋರ್ಚುಗಲ್‌ಗೆ ತಂದರು, ಈ ಚರ್ಚಿಗೆ ತಂದದ್ದು 1880ರಲ್ಲಿ. ಎಲ್ಲರೂ ಅಲ್ಲಿ ಮುತ್ತಿರುತ್ತಾರೆ. ನೀವು ಮುಂದೆ ಗರ್ಭಗುಡಿಯ ಜಾಗದವರೆಗೆ ಹೋಗಿ. ರಾಜ ಮಾನ್ಯುಯೆಲ್‌ನದೂ ಅವನ ಮಗನದೂ ಸಮಾಧಿಗಳು ಅಮೃತಶಿಲೆಯ ಆನೆಗಳ ಬೆನ್ನ ಮೇಲಿವೆ. ಆನೆಗಳಿಗೆ ನಿಜವಾದ ದಂತ ಕೂರಿಸಿದ್ದರಂತೆ. ಬನವಾಸಿಯ ಆನೆ ಕೆತ್ತನೆ ನೋಡಿದ ಕಣ್ಣಿಗೆ ಆ ಆನೆಗಳ ಮುಖ ಸ್ವಲ್ಪ ವಿಚಿತ್ರ ಕಾಣುತ್ತದೆ. ಆದರೆ ಕೆತ್ತಿದವನ ಶ್ರದ್ಧೆ ದೊಡ್ಡದು.

ಹೊಳೆದಂಡೆಯ ಬೆಲೆಂ ಗೋಪುರ 1514ರ ಸುಮಾರಿಗೆ ಶುರುವಾಗಿ 1519ರ ಹೊತ್ತಿಗೆ ಮುಗಿದದ್ದು. ಒಳಗೆ ಇಕ್ಕಟ್ಟಿನ ಮೆಟ್ಟಿಲು, ದುರಸ್ತಿಗೆ ಮುಚ್ಚಿರುವುದೂ ಉಂಟು. ಹೋಗುವ ಮೊದಲು ವಿಚಾರಿಸಿ. ಹೊರಗಿನಿಂದ ನೋಡಿದರೂ ಸಾಕು. ಒಂದು ಕಾವಲುಗೂಡಿನ ಕೆಳಗೆ ಸವೆದುಹೋದ ಖಡ್ಗಮೃಗದ ತಲೆ ಹುಡುಕಿ. ಗುಜರಾತಿನ ಸುಲ್ತಾನ ಆಲ್ಬುಕರ್ಕನಿಗೆ ಕೊಟ್ಟ ಖಡ್ಗಮೃಗ ಗೋವೆಯಿಂದ ಹಡಗು ಹತ್ತಿ 1515ರ ಮೇ 20ಕ್ಕೆ ಇಲ್ಲಿ ಇಳಿಯಿತು. ಊರಿಗೆ ಊರೇ ನೋಡಲು ಬಂತು. ಜರ್ಮನಿಯ ಕಲಾವಿದ ಡ್ಯೂರರ್ ಕಣ್ಣಾರೆ ನೋಡದೆಯೇ, ಯಾರೋ ಕಳಿಸಿದ ವರ್ಣನೆ ಮತ್ತು ಚಿತ್ರದ ಆಧಾರದಲ್ಲಿ ಅದರ ಚಿತ್ರ ಕೆತ್ತಿದ. ಆ ಮೂಕಪ್ರಾಣಿ ಮುಂದೆ ಪೋಪ್‌ಗೆ ಉಡುಗೊರೆಯಾಗಿ ಹೋಗುವಾಗ ಹಡಗು ಮುಳುಗಿ ಸತ್ತಿತು.

ಮಧ್ಯೆ ನಾವಿಕರ ದೊಡ್ಡ ಸ್ಮಾರಕ ಇದೆ. ಈಗಿರುವುದು 1960ರಲ್ಲಿ ಕಟ್ಟಿದ್ದು. ಅದರ ಮುಂದಿನ ನೆಲದಲ್ಲಿ ಕಲ್ಲಿನಲ್ಲಿ ಮಾಡಿದ ಪ್ರಪಂಚದ ನಕಾಶೆ, ಹಡಗು ಹೋದ ದಾರಿ. ಅಕ್ಕೋರು ನಮ್ಮ ಕರಾವಳಿಯ ಮೇಲೆ ಕಾಲಿಡದೆ ಪಕ್ಕದಲ್ಲಿ ನಿಂತರು. ಆ ಹಡಗುಗಳೇ ನಮಗೆ ಗೇರು, ಅನಾನಸು, ಮೆಣಸಿನಕಾಯಿ ತಂದವು ಅಂತಲೂ ಅವರೇ ನೆನಪಿಸಿದರು. ಕುಮಟಾದ ಗೇರುಬೀಜ, ಸೂಜಿಮೆಣಸಿನ ಚಟ್ನಿ ಇಲ್ಲದ ನಮ್ಮ ಊಟ ಹೇಗಿದ್ದೀತು?

ಸಂಜೆ ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಭಾವ ಕಾಳುಮೆಣಸಿನ ಸಣ್ಣ ಶೀಶೆ ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹಿಂದೆ ಬರೆದದ್ದು ವಿಯೆಟ್ನಾಂ ಎಂದು. ‘ಕಾಳು ದಪ್ಪ ಇಲ್ಲ, ಎಳೇದನ್ನೇ ಕೊಯ್ದಿದ್ದಾರೆ’ ಅಂದರು. ಒಂದು ಶೀಶೆ ಕೊಂಡೂ ಕೊಂಡರು. ಮನೆಗೆ ಬಂದು ಒಂದು ಕಾಳು ಕಚ್ಚಿ, ಖಾರ ಇದೆ, ಪರಿಮಳ ಸಾಲದು ಎಂದು ತೀರ್ಪು ಕೊಟ್ಟರು.

ಬುಧವಾರ

ಕಾರ್ಮೊ ಮಠಕ್ಕೆ ಭಾನುವಾರ ರಜೆ, ಅದಕ್ಕೇ ಇವತ್ತಿಗೆ ಇಟ್ಟುಕೊಂಡಿದ್ದೆವು. 1755ರಲ್ಲಿ ಕುಸಿದ ಮಾಡನ್ನು ಮತ್ತೆ ಹಾಕಲೇ ಇಲ್ಲ. ಕಮಾನುಗಳು ಮಾತ್ರ ನಿಂತಿವೆ, ಮೇಲೆ ಆಕಾಶ. ಮುಂದಿನ ಪುಟ್ಟ ಚೌಕದಲ್ಲಿ 1974ರ ಏಪ್ರಿಲ್ 25ರಂದು ಪೋರ್ಚುಗಲ್‌ನ ಸರ್ವಾಧಿಕಾರ ಮುಗಿಯಿತು. ಸೈನಿಕರ ಬಂದೂಕಿನ ಬಾಯಿಗೆ ಜನ ಕಾರ್ನೇಷನ್ ಹೂ ಸಿಕ್ಕಿಸಿದರು. ನಮಗೂ ಅದರ ಸಂಬಂಧ ಇದೆ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದಾಗ ಮಾಜಾಳಿ ಗಡಿಯಿಂದಲೂ ಒಂದು ತುಕಡಿ ಹೋಗಿತ್ತು, ಅಂಜದೀವನ್ನು ನೌಕಾಪಡೆ ಹಿಡಿಯಿತು. ಆದರೆ ಗೋವೆ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡದ್ದು ಈ ಕ್ರಾಂತಿ ಆದ ಮೇಲೆ, 1974ರ ಕೊನೆಗೆ.

ಹತ್ತಿರವೇ ಸಾಂತಾ ಜುಸ್ತಾ ಲಿಫ್ಟ್, 1902ರ ಕಬ್ಬಿಣದ ಗೋಪುರ. ಅದರ ಸಾಲಿನಲ್ಲಿ ನಿಲ್ಲುವುದು ಬೇಡ. ಕಾರ್ಮೊ ಪಕ್ಕದಿಂದ ನಡೆದೇ ಅದರ ಮೇಲಿನ ಸೇತುವೆಯ ಕಡೆ ಬರಬಹುದು. ಗ್ಲೋರಿಯಾ ಗುಡ್ಡದ ಹಳದಿ ಕೇಬಲ್ ಬಂಡಿ 2025ರ ಸೆಪ್ಟೆಂಬರ್ 3ರಂದು ಹಳಿ ತಪ್ಪಿ 16 ಜನ ತೀರಿಕೊಂಡರು. ಆ ಗುಡ್ಡವನ್ನು ನಾವು ನಡೆದೇ ಹತ್ತಿದೆವು.

ಮಧ್ಯಾಹ್ನ ಕಾಯಿಸ್ ದು ಸೊದ್ರೆಯಿಂದ ದೋಣಿ ಹತ್ತಿ ಆಚೆ ದಡದ ಕಸೀಲಾಸ್‌ಗೆ ಹೋದೆವು. ದಿನಾ ಕೆಲಸಕ್ಕೆ ಓಡಾಡುವವರ ದೋಣಿ ಇದು. ಪ್ರವಾಸಿ ಬೋಟಿಗೆ ಕೊಡುವ ದುಡ್ಡಿನ ಸಣ್ಣ ಪಾಲಿಗೆ ಊರಿನ ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುತ್ತದೆ. ಎದುರಿಗೆ ಗುಡ್ಡ ಗುಡ್ಡವಾಗಿ ಬಿಳಿ ಮನೆಗಳು, ಪಕ್ಕಕ್ಕೆ 1966ರ ಕೆಂಪು ತೂಗುಸೇತುವೆ. ದಡದಲ್ಲಿ ಕೆಂಡದ ಮೇಲೆ ಸುಟ್ಟ ಸಾರ್ಡೀನ್ ತಟ್ಟೆ ಬಂದಾಗ ಅಕ್ಕೋರ ಮುಖ ಅರಳಿತು. ‘ನಮ್ಮ ತಾರ್ಲೆಯೇ, ಸ್ವಲ್ಪ ದೊಡ್ಡದು’ ಅಂದರು. ಉಪ್ಪು ಬಿಟ್ಟು ಏನೂ ಹಾಕುವುದಿಲ್ಲ. ಅವರು ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಖಾರದ ಪುಡಿ ಉದುರಿಸಿಕೊಂಡರು. ನಾವು ಮೂವರು ಬಟಾಟೆ, ಸೊಪ್ಪು, ಬ್ರೆಡ್ಡು ತಿಂದೆವು. ಭಾವ ಸೊಪ್ಪಿನ ಮೇಲೆ ಹಾಕಲು ಮೆಣಸಿನ ಪುಡಿ ಕೇಳಿದರು.

ದುಡ್ಡು ತೆಗೆಯುವಾಗ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ನೋಡಿ ತೆಗೆಯಿರಿ. ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಅನ್ನಿ, ಯೂರೊದಲ್ಲೇ ಇರಲಿ. ಇಲ್ಲದಿದ್ದರೆ ನೂರಕ್ಕೆ ನಾಲ್ಕಾರು ರೂಪಾಯಿ ಸುಮ್ನೆ ಹೋಗುತ್ತದೆ. ತುರ್ತಿಗೆ 112.

ಗುರುವಾರ

ವಾಪಸು ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಮೂರು ತಾಸು ಮುಂಚೆ ಹೋಗಿ. ಬ್ಯಾಗು ತಪಾಸಣೆ ಆದ ಮೇಲೆ ಯುರೋಪಿನ ಹೊರಗೆ ಹೋಗುವವರಿಗೆ ಪಾಸ್‌ಪೋರ್ಟಿನ ಸಾಲು ಬೇರೆ ಇದೆ, ಅದು ಉದ್ದ ಇರುತ್ತದೆ. ಅಂಗಡಿಯಲ್ಲಿ ದೊಡ್ಡ ಮೊತ್ತದ ಸಾಮಾನು ಕೊಂಡಿದ್ದರೆ ತೆರಿಗೆ ವಾಪಸು ಪಡೆಯುವ ಯಂತ್ರಕ್ಕೆ ಬ್ಯಾಗು ಒಪ್ಪಿಸುವ ಮೊದಲೇ ಹೋಗಿ, ಸಾಮಾನು ತೋರಿಸಿ ಅಂದರೆ ತೋರಿಸಬೇಕಾಗುತ್ತದೆ. ನಾವು ಕೊಂಡದ್ದು ಹೆಚ್ಚೇನಿಲ್ಲ. ಅಕ್ಕನಿಗೆ ಒಂದು ಹಿತ್ತಾಳೆ ತಂಬಿಗೆ, ನನಗೆ ಎರಡು ಹೊಸ ಹೆಂಚು. ಅಕ್ಕೋರು ಶಾಲೆಯ ಮಕ್ಕಳಿಗೆ ತೋರಿಸಲು ಭೂಕಂಪಕ್ಕೆ ಮುಂಚಿನ ಲಿಸ್ಬನ್ನಿನ ಚಿತ್ರಗಳನ್ನು ತೆಗೆದುಕೊಂಡಿದ್ದರು. ಅವನ್ನು ಸುರುಳಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ವಿಮಾನ ಹತ್ತಿದರು.